ಮನೆಮಂದಿಯೆಲ್ಲ ಬಾರ್ಸಿಲೋನಾಕ್ಕೆ: ಓದುಗರ ಪ್ರಶ್ನೆ, ನನ್ನ ಉತ್ತರ

ಹೊರದೇಶದ ಹೆಸರಾಂತ ಕಟ್ಟಡಗಳನ್ನು ಮನೆಯವರ ಜತೆ ನೋಡಿಬರುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಪೇನಿನ ಬಾರ್ಸಿಲೋನಾದ ಬಗ್ಗೆಯೇ ಇವೆ. ಆ ಊರಿಗೆ ರೂಪ ಕೊಟ್ಟ ವಾಸ್ತುಶಿಲ್ಪಿ ಆಂಟೊನಿ ಗೌಡಿ ತೀರಿಕೊಂಡದ್ದು 1926ರ ಜೂನ್ 10ರಂದು. 2026ಕ್ಕೆ ನೂರು ವರ್ಷ ತುಂಬುವುದರಿಂದ ಆ ಹೆಸರು ಎಲ್ಲೆಲ್ಲೂ ಕೇಳಿಬರುತ್ತಿರಬೇಕು. ನನಗೂ ಅದು ಪ್ರೀತಿಯ ಊರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಟ್ಟಡ ನಿರ್ಮಾಣದ ಪಾಠ ಮಾಡಿ ನಿವೃತ್ತಳಾದ ಮೇಲೆ ಅಮ್ಮ, ಯಜಮಾನರು, ಮಗಳ ಜತೆ ಅಲ್ಲಿಗೆ ಹೋಗಿದ್ದೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಬಾರ್ಸಿಲೋನಾಕ್ಕೇ ಮೀಸಲು.

ಪ್ರಶ್ನೆ: ನಾವು ಗಂಡ ಹೆಂಡತಿ, ಮಂಡಿನೋವಿರುವ ಅತ್ತೆ, ಹನ್ನೆರಡು ವರ್ಷದ ಮಗಳು, ಐದು ವರ್ಷದ ಮಗ. ಟೂರ್ ಏಜೆನ್ಸಿಯವರು ಒಂದೇ ವಾರದಲ್ಲಿ ಪ್ಯಾರಿಸ್, ರೋಮ್, ಬಾರ್ಸಿಲೋನಾ ಮೂರನ್ನೂ ತೋರಿಸುತ್ತೇವೆ ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ ಮೇಡಂ? (ಶಿವಮೊಗ್ಗದ ಓದುಗಿ)

ಬೇಡ. ಊರಿಂದ ಊರಿಗೆ ಹೋಗುವ ದಿನವೆಂದರೆ ಪೆಟ್ಟಿಗೆ ಕಟ್ಟುವುದು, ವಿಮಾನ ನಿಲ್ದಾಣದ ಸಾಲು, ಹೊಸ ಹೋಟೆಲು ಹುಡುಕುವುದು, ಅಷ್ಟಕ್ಕೇ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಪ್ರತಿ ಕಟ್ಟಡದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತೀರಿ. ಮಂಡಿನೋವಿರುವ ಹಿರಿಯರಿಗೂ ಐದು ವರ್ಷದ ಮಗುವಿಗೂ ಅದು ಶಿಕ್ಷೆ. ಒಂದೇ ಊರು ಆರಿಸಿಕೊಳ್ಳಿ, ದಿನಕ್ಕೆ ಒಂದು ದೊಡ್ಡ ಕಟ್ಟಡ ನೋಡಿ. ಮಧ್ಯಾಹ್ನ ಕೋಣೆಗೆ ಮರಳಿ ಮಲಗಿ, ಸಂಜೆ ಮತ್ತೆ ಹೊರಡಿ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೂ ಬೆಳಕಿರುತ್ತದೆ.

ಮೊದಲ ದೊಡ್ಡ ಕಟ್ಟಡ ಗೌಡಿಯ ಸಗ್ರಾದಾ ಫಮೀಲಿಯಾ ಚರ್ಚ್ ಆಗಲಿ. ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ ಸಿಗುತ್ತದೆ, ಪ್ರವೇಶದ ಸಮಯವೂ ಅದರಲ್ಲೇ ನಮೂದಾಗಿರುತ್ತದೆ. ಬೆಳಗಿನ ಮೊದಲ ಹೊತ್ತು ಅಥವಾ ಇಳಿಸಂಜೆ ಆರಿಸಿ. ಪೂರ್ವದ ಕಡೆಯ ಬಣ್ಣದ ಗಾಜುಗಳು ನೀಲಿ, ಹಸಿರು. ಪಶ್ಚಿಮದವು ಕಿತ್ತಳೆ, ಕೆಂಪು. ಬೆಳಿಗ್ಗೆ ಹೋದರೆ ಕಂಬಗಳ ಮೇಲೆ ತಂಪು ಬಣ್ಣ ಬೀಳುತ್ತದೆ, ಸಂಜೆ ಹೋದರೆ ಅದೇ ಕಂಬಗಳು ಕೆಂಡದ ಬಣ್ಣಕ್ಕೆ ತಿರುಗಿರುತ್ತವೆ. ನಡುಮಧ್ಯಾಹ್ನ ಹೋದವರಿಗೆ ಇವೆರಡೂ ಅರ್ಧರ್ಧ. ನಾವು ಸಂಜೆ ಹೋಗಿದ್ದೆವು. ಅಮ್ಮ ಬೆಂಚಿನ ಮೇಲೆ ಕೂತವಳು ಗೋಡೆಯ ಮೇಲಿನ ಬಣ್ಣ ಸರಿಯುವುದನ್ನೇ ನೋಡುತ್ತ, ಮುಚ್ಚುವ ಹೊತ್ತಿನವರೆಗೂ ಏಳಲಿಲ್ಲ. ಗೋಪುರಕ್ಕೆ ಬೇರೆ ಟಿಕೆಟ್ಟಿದೆ, ಆದರೆ ನಿಮ್ಮ ಅತ್ತೆಯವರಿಗೆ ಬೇಡ. ಹತ್ತುವುದಕ್ಕೆ ಲಿಫ್ಟ್ ಇದ್ದರೂ ಇಳಿಯುವುದು ಕಿರಿದಾದ ಸುರುಳಿ ಮೆಟ್ಟಿಲಲ್ಲಿ, ಕಾಲ್ನಡಿಗೆಯಲ್ಲೇ. ಆರು ವರ್ಷದೊಳಗಿನ ಮಕ್ಕಳನ್ನೂ ಗೋಪುರಕ್ಕೆ ಬಿಡುವುದಿಲ್ಲ. ನೀವೂ ಮಗಳೂ ಹತ್ತಿಬನ್ನಿ, ಮಿಕ್ಕವರು ಒಳಗೆ ಕೂತಿರಲಿ.

ಇನ್ನೊಂದು ದಿನ ಗೌಡಿಯೇ ರೂಪಿಸಿದ ಪಾರ್ಕ್ ಗುಯೆಲ್ ಉದ್ಯಾನ. ಇದು ಗುಡ್ಡದ ಮೇಲಿದೆ. ಮೆಟ್ರೋ ಇಳಿದು ನಡೆದರೆ ಏರು ಬಹಳ, ಆದ್ದರಿಂದ ಟ್ಯಾಕ್ಸಿ ಮಾಡಿಕೊಂಡು ಕಾರ್ಮೆಲ್ ರಸ್ತೆಯ ಕಡೆಯ ಬಾಗಿಲಿಗೆ ಹೋಗಿ. ಅಲ್ಲಿಂದ ಒಳಕ್ಕೆ ಹೋಗುವ ದಾರಿ ಹೆಚ್ಚುಕಡಿಮೆ ಸಮತಟ್ಟು. ಮೇಲಿನ ಬಯಲಿನ ಸುತ್ತ ಹಾವಿನಂತೆ ಬಳುಕಿದ, ಒಡೆದ ಟೈಲ್ಸ್ ಚೂರುಗಳನ್ನು ಜೋಡಿಸಿದ ಉದ್ದನೆಯ ಬೆಂಚಿದೆ. ಅದರ ಬಣ್ಣದ ಕೆಲಸದಲ್ಲಿ ಗೌಡಿಯ ಜತೆಗಾರ ಜುಜೋಲ್ ಅವರ ಕೈ ದೊಡ್ಡದು. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಕಾಲ ಕೆಳಗಿನ ನೆಲ ನೋಡಿ. ಅದಕ್ಕೆ ಕಲ್ಲು ಹಾಸಿಲ್ಲ, ಬರೀ ಮಣ್ಣು. ಮಳೆನೀರು ಆ ಮಣ್ಣಿನಲ್ಲಿ ಇಂಗಿ, ಕೆಳಗಿನ ಕಲ್ಲಿನ ಪದರಗಳಲ್ಲಿ ಸೋಸಿಕೊಂಡು, ಬಯಲನ್ನು ಹೊತ್ತಿರುವ ಕಂಬಗಳೊಳಗಿನ ಕೊಳವೆಯಲ್ಲಿ ಇಳಿಯುತ್ತದೆ. ಕೆಳಗಿನ ಮಂಟಪದಲ್ಲಿ ಅಂಥ ಕಂಬಗಳು 86. ಅದರಡಿಯ ತೊಟ್ಟಿಯಲ್ಲಿ ಸುಮಾರು 12 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ತುಂಬಿ ಹೆಚ್ಚಾದದ್ದು ಹೊರಬರುವುದು ಮೆಟ್ಟಿಲ ಮೇಲಿನ ಬಣ್ಣದ ಓತಿಕ್ಯಾತದ ಬಾಯಿಂದ. ಇಡೀ ಜಗತ್ತು ಫೋಟೋ ತೆಗೆಸಿಕೊಳ್ಳುವ ಆ ಪ್ರಾಣಿ ನೀರಿನ ತೂಬು ಎಂಬುದನ್ನು ನಿಮ್ಮ ಮಗನಿಗೆ ಹೇಳಿ, ಮೇಲಿನಿಂದ ಕೆಳಗಿನವರೆಗೆ ನೀರಿನ ದಾರಿ ಹುಡುಕಲು ಬಿಡಿ. ಯೂಸೆಬಿ ಗುಯೆಲ್ ಎಂಬ ಸಿರಿವಂತರು ಅಲ್ಲಿ 60 ಮನೆಗಳ ಬಡಾವಣೆ ಮಾಡಲು ಹೊರಟಿದ್ದರು. 1900ರಲ್ಲಿ ಶುರುವಾಗಿ 1914ಕ್ಕೆ ನಿಂತುಹೋಯಿತು, ನಿವೇಶನ ಕೊಳ್ಳುವವರೇ ಸಿಗಲಿಲ್ಲ. ಬಡಾವಣೆಯಾಗಿ ಸೋತದ್ದರಿಂದಲೇ ಇವತ್ತು ಅದು ಎಲ್ಲರ ಉದ್ಯಾನ.

ಕಟ್ಟಡ ನೋಡುವುದೆಂದರೆ ನನ್ನ ಮಟ್ಟಿಗೆ ಇದು: ನೀರು, ಬೆಳಕು, ಭಾರ ಮೂರೂ ಮೇಲಿನಿಂದ ನೆಲಕ್ಕೆ ಯಾವ ದಾರಿಯಲ್ಲಿ ಇಳಿಯುತ್ತವೆ ಎಂದು ಕಣ್ಣಲ್ಲಿ ಹಿಂಬಾಲಿಸುವುದು. ಇದಕ್ಕೆ ಓದು ಬೇಡ. ಅಡುಗೆಮನೆಗೆ ಬೆಳಕಿಂಡಿ ಎಲ್ಲಿರಬೇಕು, ತಾರಸಿಯ ನೀರು ಯಾವ ಕಡೆ ಓಡಬೇಕು ಎಂದು ಮೇಸ್ತ್ರಿಗೆ ಹೇಳಿ ಮಾಡಿಸುವ ನಿಮ್ಮ ಅತ್ತೆಯವರಂಥ ಹಿರಿಯರಿಗೆ ಗೈಡ್‌ಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ದಿನವೂ ಗೋಳಗುಮ್ಮಟ ನೋಡಿ ಬೆಳೆದವನು. ಗೌಡಿಯ ಕಂಬಗಳು ಓರೆಯಾಗಿವೆ, ಕೊಂಬೆ ಬೇರೆ ಒಡೆದಿವೆ. ಬೀಳದೆ ಹೇಗೆ ನಿಂತಿವೆ? (ವಿಜಯಪುರದ ಓದುಗರು)

ಈ ಪ್ರಶ್ನೆ ಬಂದದ್ದು ನನಗೆ ಬಹಳ ಖುಷಿ. ನೀವು ಹುಟ್ಟಿದ ಊರಿನಲ್ಲೇ ಉತ್ತರದ ಅರ್ಧ ಇದೆ. ಗುಮ್ಮಟವಾಗಲಿ ಕಮಾನಾಗಲಿ ಬರೀ ಕೆಳಕ್ಕೆ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಗೋಳಗುಮ್ಮಟದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎಂಟು ಕಮಾನುಗಳು ಒಳಕ್ಕೆ ಬಾಗಿ, ತಮ್ಮ ತೂಕದಿಂದಲೇ ಗುಮ್ಮಟದ ಹೊರತಳ್ಳನ್ನು ತಡೆಯುತ್ತವೆ. ಯೂರೋಪಿನ ಮಧ್ಯಯುಗದ ಗೋಥಿಕ್ ಶೈಲಿಯ ಚರ್ಚುಗಳಲ್ಲಿ ಇದೇ ಕೆಲಸಕ್ಕೆ ಗೋಡೆಯ ಹೊರಗೆ ಕಲ್ಲಿನ ಆನಿಕೆ ಕಮಾನುಗಳನ್ನು ಕೊಡುತ್ತಿದ್ದರು. ಗೌಡಿಗೆ ಅವು ಊರುಗೋಲುಗಳಂತೆ ಕಂಡವು. ತಳ್ಳು ಯಾವ ಕೋನದಲ್ಲಿ ಬರುತ್ತದೋ ಕಂಬವನ್ನೇ ಆ ಕೋನಕ್ಕೆ ಓರೆ ಮಾಡಿದರೆ ಆನಿಕೆಯೇ ಬೇಡ ಎಂಬುದು ಅವರ ದಾರಿ.

ಆ ಕೋನ ಕಂಡುಕೊಂಡದ್ದು ಹೇಗೆ ಎಂಬುದನ್ನು ನಿಮ್ಮ ತರಗತಿಯಲ್ಲೇ ಮಾಡಿ ತೋರಿಸಬಹುದು. ಒಂದು ಸಣ್ಣ ಸರಪಳಿಯ ಎರಡು ತುದಿ ಹಿಡಿದು ಇಳಿಬಿಡಿ. ಸರಪಳಿಗೆ ಎಳೆತ ಬಿಟ್ಟರೆ ಬೇರೆ ಬಲ ತಡೆಯಲು ಬಾರದು, ಆದ್ದರಿಂದ ಅದು ತಾನಾಗಿ ಪಡೆಯುವ ಆಕಾರದಲ್ಲಿ ಇರುವುದು ಎಳೆತ ಮಾತ್ರ. ಆ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅಲ್ಲಿರುವುದು ಒತ್ತಡ ಮಾತ್ರ. ಕಲ್ಲು, ಇಟ್ಟಿಗೆಗೆ ಬೇಕಾದ್ದೂ ಅದೇ. ಒತ್ತಿದರೆ ತಡೆಯುತ್ತವೆ, ಎಳೆದರೆ ಬಿರಿಯುತ್ತವೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ತತ್ವವನ್ನು 1675ರಲ್ಲೇ ಹೇಳಿದ್ದರು, ನೀವು ಸ್ಪ್ರಿಂಗಿನ ಪಾಠದಲ್ಲಿ ಹೇಳುವ ಅದೇ ಹುಕ್. ಗೌಡಿ ಅದನ್ನು ಇಡೀ ಚರ್ಚಿಗೆ ಹಿಗ್ಗಿಸಿದರು. ಬಾರ್ಸಿಲೋನಾದ ಹೊರವಲಯದ ಕೊಲೋನಿಯಾ ಗುಯೆಲ್ ಎಂಬ ಕಾರ್ಖಾನೆ ವಸಾಹತಿನ ಚರ್ಚಿಗಾಗಿ ಸೂರಿನಿಂದ ದಾರಗಳ ಬಲೆ ಇಳಿಬಿಟ್ಟು, ಎಲ್ಲೆಲ್ಲಿ ಎಷ್ಟು ಭಾರ ಬರುವುದೋ ಆ ಲೆಕ್ಕಕ್ಕೆ ಸರಿಯಾಗಿ ಸೀಸದ ಚರೆ ತುಂಬಿದ ಪುಟ್ಟ ಚೀಲಗಳನ್ನು ತೂಗುಹಾಕಿದರು. ಅದರ ಫೋಟೋ ತೆಗೆದು, ತಲೆಕೆಳಗು ಹಿಡಿದು, ಅದರ ಮೇಲೆ ಕಟ್ಟಡದ ಚಿತ್ರ ಬರೆದರು. ಒಂದು ಚೀಲದ ತೂಕ ಬದಲಾಯಿಸಿದರೆ ಎಲ್ಲ ದಾರಗಳೂ ಸರಿದು ಹೊಸ ಲೆಕ್ಕ ಕೊಡುತ್ತಿದ್ದವು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕಿಂತ ಸುಂದರವಾದ ಲೆಕ್ಕಾಚಾರ ನನಗೆ ಗೊತ್ತಿಲ್ಲ.

ಆ ಚರ್ಚಿನ ಕೆಳ ಅಂತಸ್ತು ಮಾತ್ರ ಕಟ್ಟಿ, 1914ರಲ್ಲಿ ಕೆಲಸ ನಿಂತಿತು. ಪ್ಲಾಸಾ ಎಸ್ಪಾನ್ಯಾ ನಿಲ್ದಾಣದಿಂದ ರೈಲಿನಲ್ಲಿ ಹೋಗಿಬರಬಹುದು. ಜನಜಂಗುಳಿ ಇರುವುದಿಲ್ಲ. ನನ್ನ ಕೇಳಿದರೆ ಗೌಡಿಯ ಎಲ್ಲ ಕೆಲಸಗಳಲ್ಲಿ ಅದೇ ಶ್ರೇಷ್ಠ. ಓರೆ ನಿಂತ ಒರಟು ಕಲ್ಲಿನ ಕಂಬಗಳ ನಡುವೆ ನಿಂತಾಗ ಭಾರ ಇಳಿಯುವ ದಾರಿ ಕಣ್ಣಿಗೇ ಕಾಣುತ್ತದೆ. ಅಲ್ಲಿ ಕಲಿತದ್ದೆಲ್ಲ ಸಗ್ರಾದಾ ಫಮೀಲಿಯಾಕ್ಕೆ ಬಂತು. ಅದರ ಒಳಗಿನ ಕಂಬಗಳನ್ನು ನೋಡುವಾಗ ಕಲ್ಲಿನ ಬಣ್ಣ ಗಮನಿಸಿ. ಅತಿ ಹೆಚ್ಚು ಭಾರ ಹೊರುವ ನಡುವಿನ ನಾಲ್ಕು ಕಂಬಗಳು ಕೆಂಪು ಪೋರ್ಫಿರಿ ಶಿಲೆಯವು. ಭಾರ ಕಡಿಮೆಯಾದ ಹಾಗೆ ಬಸಾಲ್ಟ್, ಗ್ರಾನೈಟ್, ಕಡೆಗೆ ಸ್ಥಳೀಯ ಮರಳುಗಲ್ಲು.

ಗೌಡಿಯದೇ ಆದ ಕಾಸಾ ಮಿಲಾ ಎಂಬ ಮನೆಯ ಅಟ್ಟಕ್ಕೂ ಹೋಗಿ. ಅಲ್ಲಿ 270 ಇಟ್ಟಿಗೆ ಕಮಾನುಗಳಿವೆ, ಎಲ್ಲವೂ ಸರಪಳಿ ಆಕಾರದವು. ಕೆಳಗಿನ ಕೋಣೆಗಳ ಅಗಲ ಬೇರೆ ಬೇರೆ ಇರುವುದರಿಂದ ಕಮಾನುಗಳ ಎತ್ತರವೂ ಬೇರೆ ಬೇರೆ. ಅದರಿಂದಲೇ ಮೇಲಿನ ತಾರಸಿ ಏರಿಳಿದಿದೆ. ಅಲಂಕಾರಕ್ಕೆ ಮಾಡಿದ್ದೆಂದು ಕಾಣುವುದು ಕಮಾನಿನ ಲೆಕ್ಕದಿಂದ ತಾನಾಗಿ ಬಂದದ್ದು.

ಪ್ರಶ್ನೆ: ಇನ್ನೂ ಮುಗಿಯದ ಚರ್ಚಿಗೆ ಅಷ್ಟು ದುಡ್ಡು ಕೊಟ್ಟು ಕ್ರೇನು ನೋಡಿ ಬರಬೇಕೇ? (ಉಡುಪಿಯ ಓದುಗರು)

ಖಂಡಿತ ನೋಡಬೇಕು. ಇಷ್ಟು ದೊಡ್ಡ ಕಲ್ಲಿನ ಕಟ್ಟಡ ಎದ್ದು ನಿಲ್ಲುವುದನ್ನು ಕಣ್ಣಾರೆ ಕಾಣುವ ಅವಕಾಶ ಇನ್ನೆಲ್ಲಿ? ಸಗ್ರಾದಾ ಫಮೀಲಿಯಾದ ಶಂಕುಸ್ಥಾಪನೆ 1882ರಲ್ಲಿ. ಮೊದಲ ವಾಸ್ತುಶಿಲ್ಪಿ ಬಿಟ್ಟುಹೋದ ಮೇಲೆ 1883ರಲ್ಲಿ ಗೌಡಿ ವಹಿಸಿಕೊಂಡರು. ಕೊನೆಯ ವರ್ಷಗಳಲ್ಲಿ ಬೇರೆಲ್ಲ ಕೆಲಸ ಬಿಟ್ಟು ಅದಕ್ಕೇ ಕೂತರು. 1926ರಲ್ಲಿ ಟ್ರಾಮ್ ಬಡಿದಾಗ ಮಾಸಿದ ಬಟ್ಟೆ ಕಂಡ ಜನ ಭಿಕ್ಷುಕನೆಂದುಕೊಂಡರು; ಮೂರು ದಿನದ ಮೇಲೆ ಬಡವರ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಸಮಾಧಿ ಆ ಚರ್ಚಿನ ನೆಲಮಾಳಿಗೆಯಲ್ಲಿದೆ.

1936ರ ಅಂತರ್ಯುದ್ಧದಲ್ಲಿ ಅವರ ಕಾರ್ಯಾಗಾರಕ್ಕೆ ನುಗ್ಗಿದವರು ಪ್ಲಾಸ್ಟರ್ ಮಾದರಿಗಳನ್ನು ಒಡೆದುಹಾಕಿದರು. ಗೌಡಿಯ ಜತೆ ಕೆಲಸ ಮಾಡಿದವರಲ್ಲಿ ಉಳಿದವರು ಆ ಚೂರುಗಳನ್ನೇ ಆಯ್ದು ಜೋಡಿಸಿ, ಅದರಿಂದ ಮುಂದಿನ ಕಟ್ಟಡದ ಅಳತೆ ಕಂಡುಕೊಂಡರು. ನೆಲಮಟ್ಟದ ಕೆಳಗಿನ ವಸ್ತುಸಂಗ್ರಹಾಲಯವನ್ನು ಅದಕ್ಕಾಗಿಯಾದರೂ ನೋಡಿ. ದಾರಗಳ ತೂಗುಮಾದರಿಯ ಪ್ರತಿಯೂ ಅಲ್ಲಿದೆ. ಶುರುವಿನಿಂದಲೂ ಕಾಣಿಕೆ ಹಣದಲ್ಲೇ ಕಟ್ಟಿಬಂದ ಚರ್ಚು ಅದು. ಈಗ ಕಲ್ಲಿಗೆ, ಕೂಲಿಗೆ ಹಣ ಬರುವುದು ಬಹುಪಾಲು ನಾವು ಕೊಡುವ ಟಿಕೆಟ್ಟಿನಿಂದಲೇ. 2025ರ ಅಕ್ಟೋಬರ್‌ನಲ್ಲಿ ನಡುಗೋಪುರ ಜರ್ಮನಿಯ ಉಲ್ಮ್ ಚರ್ಚಿನ 161.5 ಮೀಟರನ್ನು ದಾಟಿ, ಜಗತ್ತಿನ ಅತಿ ಎತ್ತರದ ಚರ್ಚೆನಿಸಿಕೊಂಡಿತು. ಅದರ ಪೂರ್ಣ ಎತ್ತರ 172.5 ಮೀಟರ್ ಎಂದು ಗೊತ್ತುಮಾಡಿದ್ದಕ್ಕೂ ಕಾರಣವಿದೆ: ಊರಿನ ಮೊಂಜುಯಿಕ್ ಗುಡ್ಡ ದೇವರ ಕೆಲಸ, ಮನುಷ್ಯ ಕಟ್ಟಿದ್ದು ಅದನ್ನು ಮೀರಬಾರದು ಎಂದು ಗೌಡಿ ನಂಬಿದ್ದರು.

ಮುಂದಿನ ಕೆಲಸಕ್ಕೆ ಒಂದು ದೊಡ್ಡ ತೊಡಕಿದೆ. ಮುಖ್ಯ ಬಾಗಿಲಿನ ಎದುರಿನ ಮಹಾಮೆಟ್ಟಿಲು ಬರಬೇಕಾದ ಜಾಗದಲ್ಲಿ ಜನ ವಾಸವಿರುವ ಕಟ್ಟಡಗಳಿವೆ. ಅಲ್ಲಿನ ನಿವಾಸಿಗಳು ಮನೆ ಬಿಡಲು ಒಪ್ಪುತ್ತಿಲ್ಲ. ಗೌಡಿಯನ್ನು ಎಷ್ಟೇ ಮೆಚ್ಚಿದರೂ ಈ ವಿಷಯದಲ್ಲಿ ನನ್ನ ಮನಸ್ಸು ಆ ಮನೆಗಳ ಕಡೆಗೇ. ಚರ್ಚಿಗೆ ಮೆಟ್ಟಿಲು ಇಲ್ಲದಿದ್ದರೂ ನಡೆದೀತು.

ಪ್ರಶ್ನೆ: ಎಲ್ಲರೂ ಗೌಡಿ ಗೌಡಿ ಅನ್ನುತ್ತಾರೆ. ಊರಲ್ಲಿ ಬೇರೇನೂ ಇಲ್ಲವೇ? (ಬೆಂಗಳೂರಿನ ಓದುಗಿ)

ಬೇಕಾದಷ್ಟಿದೆ. ಸಗ್ರಾದಾ ಫಮೀಲಿಯಾದಿಂದ ಓರೆಯಾಗಿ ಹೊರಡುವ ಗೌಡಿ ರಸ್ತೆಯಲ್ಲಿ ನಿಧಾನವಾಗಿ ನಡೆದರೂ ಕಾಲುಗಂಟೆಯಲ್ಲಿ ಸಂತ್ ಪಾವ್ ಆಸ್ಪತ್ರೆ ಸಿಗುತ್ತದೆ. ದೊಮೆನೆಕ್ ಇ ಮೊಂತಾನೆರ್ ಎಂಬ ವಾಸ್ತುಶಿಲ್ಪಿಯ ಕೆಲಸ, 1902ರಲ್ಲಿ ಆರಂಭ. ರೋಗಿಗಳನ್ನು ಒಂದೇ ದೊಡ್ಡ ಕಟ್ಟಡದಲ್ಲಿ ತುಂಬುವ ಬದಲು ತೋಟದ ನಡುವೆ ಬಿಡಿ ಬಿಡಿ ವಾರ್ಡುಗಳನ್ನು ಕಟ್ಟಿ, ನೆಲದಡಿಯ ಸುರಂಗಗಳಿಂದ ಒಂದಕ್ಕೊಂದು ಸೇರಿಸಿದ್ದಾರೆ. ಒಳಗೆಲ್ಲ ತೊಳೆಯಲು ಸುಲಭವಾದ ಬಣ್ಣದ ಟೈಲ್ಸ್. ಹಾಸಿಗೆ ಹಿಡಿದವರು ಮೇಲೆ ನೋಡಿದರೆ ಹೂಬಣ್ಣದ ಸೂರು. 2009ರವರೆಗೂ ಅದು ರೋಗಿಗಳಿದ್ದ ಆಸ್ಪತ್ರೆಯೇ. ಬಡ ರೋಗಿಗಳಿಗೂ ಚೆಂದದ ಕಟ್ಟಡ ಬೇಕು ಎಂದುಕೊಂಡವರು ಕಟ್ಟಿಸಿದ ಆ ಜಾಗವನ್ನು ನೋಡಿ ನನಗೆ ಕಣ್ಣು ತುಂಬಿಬಂತು. ಇದೇ ವಾಸ್ತುಶಿಲ್ಪಿಯ ಪಲಾವ್ ದೆ ಲಾ ಮೂಸಿಕಾ ಎಂಬ ಸಂಗೀತ ಸಭಾಂಗಣವೂ ಊರೊಳಗಿದೆ. ಸಾಧ್ಯವಾದರೆ ಕಛೇರಿಯೊಂದಕ್ಕೇ ಟಿಕೆಟ್ ಕೊಳ್ಳಿ.

ಐಶಾಂಪ್ಲಾ ಬಡಾವಣೆಯ ರಸ್ತೆಗಳೂ ನೋಡುವಂಥವು. ಕೋಟೆಗೋಡೆಯೊಳಗೆ ಜನ ಕಿಕ್ಕಿರಿದು ಕಾಲರಾದಿಂದ ಸಾಯುತ್ತಿದ್ದ ಕಾಲದಲ್ಲಿ, ಗೋಡೆ ಕೆಡವಿ ಊರು ಹಿಗ್ಗಿಸಲು ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ 1859ರಲ್ಲಿ ನಕ್ಷೆ ಮಾಡಿದರು. ಸುಮಾರು 113 ಮೀಟರಿನ ಚೌಕಗಳು, 20 ಮೀಟರ್ ಅಗಲದ ರಸ್ತೆಗಳು, ಪ್ರತಿ ಚೌಕದ ಮೂಲೆಯೂ ಓರೆಯಾಗಿ ಕತ್ತರಿಸಿದ್ದು. ಅದರಿಂದ ಪ್ರತಿ ಕೂಡುರಸ್ತೆಯೂ ಒಂದು ಸಣ್ಣ ಬಯಲಾಗುತ್ತದೆ. ತಿರುವಿನಲ್ಲಿ ಬರುವ ಗಾಡಿ ಕಾಣುತ್ತದೆ, ಗಾಳಿ ಆಡುತ್ತದೆ. ಚೌಕದ ಎರಡು ಬದಿ ಮಾತ್ರ ಕಟ್ಟಿ ಒಳಗೆ ತೋಟ ಇರಲಿ ಎಂಬುದು ಅವರ ಆಸೆಯಾಗಿತ್ತು. ನಿವೇಶನದ ಒಡೆಯರು ನಾಲ್ಕೂ ಬದಿ ಕಟ್ಟಿಬಿಟ್ಟರು. ನಮ್ಮ ಬಡಾವಣೆಗಳಲ್ಲಿ ಆಟದ ಮೈದಾನಕ್ಕೆ ಬಿಟ್ಟ ಜಾಗ ಏನಾಗುತ್ತದೆ ಎಂದು ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ.

ಹಳೆಯ ಊರಿನ ಸಾಂತಾ ಮರಿಯಾ ದೆಲ್ ಮಾರ್ ಚರ್ಚಿಗೂ ಹೋಗಿ. 1329ರಿಂದ 1383ರೊಳಗೆ ಕಟ್ಟಿ ಮುಗಿಸಿದ್ದು. ಗುಡ್ಡದಿಂದ ಕಲ್ಲು ಹೊತ್ತು ತಂದ ಬಂದರಿನ ಹಮಾಲರ ಪುಟ್ಟ ಶಿಲ್ಪಗಳು ಬಾಗಿಲಲ್ಲೇ ಇವೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು ಗತಿ? (ಧಾರವಾಡದ ಓದುಗಿ)

ಉಪವಾಸವೇನೂ ಬೀಳುವುದಿಲ್ಲರೀ. ಸುಟ್ಟ ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ, ಉಪ್ಪು ಹಾಕಿದ ‘ಪಾ ಅಂಬ್ ತುಮಾಕೆತ್’ ಎಲ್ಲ ಕಡೆ ಸಿಗುತ್ತದೆ. ‘ಎಸ್ಕಲಿವಾದಾ’ ಎಂದರೆ ಬದನೆಕಾಯಿ, ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದು ಎಣ್ಣೆ ಹಾಕಿದ್ದು. ನಿಮ್ಮ ಕಡೆಯವರಿಗೆ ಹಿಡಿಸುತ್ತದೆ, ಆದರೆ ಅದರ ಮೇಲೆ ಮೀನು ಇಡುವುದುಂಟು, ಕೇಳಿ ತರಿಸಿ. ಪಾಲಕ್‌ಗೆ ಒಣದ್ರಾಕ್ಷಿ, ಪೈನ್ ಬೀಜ ಹಾಕಿದ ಪಲ್ಯವೂ ಇದೆ. ‘ತೊರ್ತಿಯಾ’ ಎಂದು ಅಲ್ಲಿ ಕೊಡುವುದು ಆಲೂಗಡ್ಡೆ ಹಾಕಿದ ಮೊಟ್ಟೆಯ ದೋಸೆ, ಮೊಟ್ಟೆ ತಿನ್ನದವರಿಗೆ ಆಗದು. ಮಾಂಸವಿಲ್ಲ ಎಂದು ಹೇಳಿದರೆ ಸಾಲದು. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್’, ಅಂದರೆ ಮಾಂಸ, ಮೀನು, ಹಂದಿಯ ಹ್ಯಾಮ್ ಮೂರೂ ಬೇಡ ಎಂದು ಬಿಡಿಸಿ ಹೇಳಿ. ರಾತ್ರಿ ಊಟಕ್ಕೆ ಅಲ್ಲಿಯವರು ಕೂರುವುದೇ ಒಂಬತ್ತಕ್ಕೆ. ಮಕ್ಕಳಿಗೆ ಏಳಕ್ಕೇ ಹಸಿವಾಗುವುದರಿಂದ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ; ಒಂದಿಷ್ಟು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ಪ್ರಶ್ನೆ: ವೀಸಾ, ಓಡಾಟ, ಕಳ್ಳರ ಕಾಟ, ಇವುಗಳ ಬಗ್ಗೆ ಚುಟುಕಾಗಿ ಹೇಳಿ. (ತುಮಕೂರಿನ ಓದುಗರು)

ಸ್ಪೇನ್ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು; ಬೇಸಿಗೆ ರಜೆಯಾದರೆ ತಡಮಾಡಬೇಡಿ. ಮೆಟ್ರೋದಲ್ಲಿ ‘ಟಿ-ಕಾಜುವಲ್’ ಕಾರ್ಡು ಒಬ್ಬರಿಗೆ ಮಾತ್ರ, ‘ಟಿ-ಫಮಿಲಿಯಾರ್’ ಕಾರ್ಡನ್ನು ಮನೆಯವರೆಲ್ಲ ಹಂಚಿಕೊಳ್ಳಬಹುದು. ರಾಂಬ್ಲಾ ರಸ್ತೆಯಲ್ಲೂ ಮೆಟ್ರೋದಲ್ಲೂ ಜೇಬುಗಳ್ಳರು ನಿಜವಾಗಿಯೂ ಇದ್ದಾರೆ. ಪಾಸ್‌ಪೋರ್ಟ್ ಕೋಣೆಯಲ್ಲಿ ಭದ್ರವಾಗಿಟ್ಟು ಪ್ರತಿ ಮಾತ್ರ ಜತೆಗಿರಲಿ, ಚೀಲ ಎದೆಯ ಮುಂದಿರಲಿ. ಚರ್ಚುಗಳಿಗೆ ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸು. ಆರ್ಕಿಟೆಕ್ಟ್ ಆಗಬೇಕೆಂದಿದ್ದೇನೆ. ರಜೆಯಲ್ಲಿ ಅಪ್ಪ ಅಮ್ಮ ಬಾರ್ಸಿಲೋನಾಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಅಲ್ಲಿ ನಾನು ಏನು ಮಾಡಲಿ? (ಮಂಡ್ಯದ ವಿದ್ಯಾರ್ಥಿನಿ)

ಪುಟ್ಟಿ, ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು ಇಟ್ಟುಕೋ. ಪಸೇಜ್ ದೆ ಗ್ರಾಸಿಯಾ ರಸ್ತೆಯಲ್ಲಿ ಎಲ್ಲರೂ ತಲೆ ಎತ್ತಿ ನಡೆಯುತ್ತಿರುತ್ತಾರೆ. ನೀನು ಕೂತು ಕಾಲ್ದಾರಿಯ ಟೈಲ್ಸ್ ನೋಡು. ಆರು ಮೂಲೆಯವು, ಮೇಲೆ ಕಡಲಿನ ಜೀವಿಗಳ ಉಬ್ಬುಚಿತ್ರ, ಗೌಡಿಯ ವಿನ್ಯಾಸ. ಒಂದರಲ್ಲಿ ಯಾವ ಚಿತ್ರವೂ ಪೂರ್ತಿ ಇರುವುದಿಲ್ಲ. ಏಳು ಸೇರಿದಾಗ ಮಾತ್ರ ಪೂರ್ತಿಯಾಗುತ್ತದೆ. ಅದನ್ನು ಬರೆದುಕೋ.

ಅದೇ ರಸ್ತೆಯಲ್ಲಿ ಗೌಡಿ ರೂಪಿಸಿದ ಕಾಸಾ ಬತ್ಲೊ ಮನೆಯ ನಡುವೆ ಬೆಳಕಿನ ಬಾವಿಯಿದೆ. ಮೇಲಿನ ಅಂತಸ್ತಿನಲ್ಲಿ ಟೈಲ್ಸ್ ಗಾಢ ನೀಲಿ, ಕೆಳಗಿಳಿದ ಹಾಗೆ ತೆಳುವಾಗುತ್ತದೆ. ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಮೇಲೆ ಬಿಸಿಲು ಹೆಚ್ಚು, ತಳಕ್ಕೆ ಇಳಿಯುವುದು ಕಡಿಮೆ. ಎಲ್ಲ ಮನೆಗಳಿಗೂ ಒಂದೇ ಸಮನಾಗಿ ಬೆಳಕು ಸಿಗಲೆಂದು ಹಾಗೆ ಮಾಡಿದ್ದು. ಪ್ರತಿ ಮಹಡಿಯಲ್ಲೂ ನಿಂತು ಕಿಟಕಿಯ ಆಕಾರ ಬರೆದು ಕೊನೆಗೆ ಹೋಲಿಸಿ ನೋಡು.

ಸಗ್ರಾದಾ ಫಮೀಲಿಯಾದ ಪಕ್ಕದಲ್ಲೇ ಒಂದು ಪುಟ್ಟ ಶಾಲೆಯಿದೆ, ಕೆಲಸಗಾರರ ಮಕ್ಕಳಿಗಾಗಿ ಗೌಡಿ 1909ರಲ್ಲಿ ಕಟ್ಟಿದ್ದು. ಗೋಡೆಯೂ ಸೂರೂ ತೆಳ್ಳನೆಯ ಇಟ್ಟಿಗೆಯವು, ಆದರೆ ಅಲೆ ಅಲೆಯಾಗಿವೆ. ಹೊರಡುವ ಮೊದಲು ಮನೆಯಲ್ಲಿ ಒಂದು ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ನಿಲ್ಲಿಸಲು ನೋಡು, ಬೀಳುತ್ತದೆ. ಅಲೆಯಾಗಿ ಬಾಗಿಸಿ ನಿಲ್ಲಿಸು, ನಿಲ್ಲುತ್ತದೆ. ಆಮೇಲೆ ಹೋಗಿ ಆ ಶಾಲೆ ನೋಡು. ಫ್ರಾನ್ಸಿನಲ್ಲಿ ನೆಲೆಸಿದ್ದ ಲೆ ಕಾರ್ಬೂಸಿಯೆ, ನಮ್ಮ ಚಂಡೀಗಢದ ವಿನ್ಯಾಸ ಮಾಡಿದವರು, 1928ರಲ್ಲಿ ಅಲ್ಲಿ ನಿಂತು ಇದೇ ಸೂರಿನ ಚಿತ್ರ ಬರೆದುಕೊಂಡಿದ್ದರು.

ಇನ್ನು ಓದಿನ ವಿಷಯ. ಪಿಯುಸಿಯಲ್ಲಿ ಗಣಿತ ಬಿಡಬೇಡ, ವಾಸ್ತುಶಿಲ್ಪದ ಪದವಿಯಾದ ಬಿ.ಆರ್ಕ್‌ಗೆ ಅದು ಬೇಕೇ ಬೇಕು. ಸೇರಲು ನಾಟಾ ಎಂಬ ಪ್ರವೇಶ ಪರೀಕ್ಷೆ ಅಥವಾ ಜೆಇಇಯ ಎರಡನೇ ಪತ್ರಿಕೆ ಬರೆಯಬೇಕಾಗುತ್ತದೆ. ಚಿತ್ರ ಬರೆಯುವ ಕೈ ಈಗಿನಿಂದಲೇ ಪಳಗಲಿ.